ಮುಖಪುಟದ ಮೊಣಕೈ

ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ, ನನ್ನ ಪಕ್ಕ ಕೂತಿದ್ದ ಹೆಂಗಸು ಮೇಜಿನ ಮೇಲಿದ್ದ ಹಳೆಯ ಸಂಗೀತ ಪತ್ರಿಕೆಯೊಂದನ್ನು ಎತ್ತಿಕೊಂಡರು. ಮುಖಪುಟದಲ್ಲಿ ದೊಡ್ಡದಾಗಿ ಹಾಡುಗಾರ್ತಿಯ ಮುಖ. ಅಂಚಿನಲ್ಲಿ ಯಾರದೋ ಮೊಣಕೈ. ಅದನ್ನು ಆಚೆ ಪಕ್ಕ ಕೂತಿದ್ದ ಗಂಡನಿಗೆ ತೋರಿಸಿದರು.

"ರೀ, ಇದು ನಿಮ್ಮ ಕೈಯಲ್ವಾ?"

"ಹೂಂ. ಪಿಟೀಲು ನುಡಿಸ್ತಿರೋದು," ಎಂದರು ಗಂಡ.

"ಮಿಕ್ಕಿದ್ದೆಲ್ಲ ಎಲ್ಲಿ?"

"ಕತ್ತರಿಸಿದಾರೆ. ವಿನ್ಯಾಸ ಅಂದ್ರೆ ಹಾಗೇನೇ. ಕೈ ಸುತ್ತ ಬರೀ ಕಪ್ಪು ಯಾಕೆ ಬಿಟ್ಟಿದಾರೆ ಹೇಳು? ನೋಡೋರ ಕಣ್ಣು ಮೊದಲು ಮೊಣಕೈಗೆ ಬಂದು, ಅಲ್ಲಿಂದ ಮುಖಕ್ಕೆ ಹೋಗ್ಲಿ ಅಂತ."

"ಅಂದ್ರೆ ನೀವು ದಾರಿ ತೋರಿಸೋ ಕಂಬ."

"ಆ ಕಂಬ ಇಲ್ದಿದ್ರೆ ಪುಟ ಒಂದು ಕಡೆ ವಾಲ್ತಿತ್ತು."

"ಮುಖಪುಟದಲ್ಲಿ ಬರ್ತೀನಿ ಅಂತ ನೆಂಟರಿಗೆಲ್ಲ ಹೇಳಿ, ಆಮೇಲೆ ಪತ್ರಿಕೆ ಎಲ್ಲೂ ಸಿಗ್ಲಿಲ್ಲ ಅಂದಿದ್ದು ಇದಕ್ಕೇನಾ?"

ಗಂಡ ಗೋಡೆಯ ಗಡಿಯಾರ ನೋಡಿದರು. ಹೆಂಡತಿ ಕನ್ನಡಕ ಏರಿಸಿ ಪುಟಕ್ಕೆ ಬಾಗಿದರು.

"ಅಂಗಿ ತೋಳಿನ ಹೊಲಿಗೆ ಕಾಣ್ತಿದೆ. ಅವತ್ತು ನೀವು ಹೊರಡೋ ಹೊತ್ತಿಗೆ ನಾನೇ ಹಾಕಿದ್ದು."

"ಅದೂ ಕಾಣುತ್ತಾ?"

"ನಂಗೆ ಕಾಣುತ್ತೆ."

ಒಳಗಿನಿಂದ ನರ್ಸ್ ಕರೆದಳು. ಹೆಂಡತಿ ಎದ್ದು, ಪತ್ರಿಕೆಯನ್ನು ಕೈಚೀಲಕ್ಕೆ ತುರುಕಿಕೊಂಡರು.

"ಅದು ಡಾಕ್ಟರದ್ದು ಕಣೇ."

"ಮುಖ ಬೇಕಿದ್ರೆ ಅವರು ಬೇರೆ ತರಿಸ್ಕೊಳ್ಲಿ. ಕೈ ನಮ್ಮನೇದು."