ಹನ್ನೊಂದನೆಯ ಪದ

ಇಲ್ಲ ಮಗಳೇ, ನೀರಲ್ಲಿ ತೊಳೆದಾಯ್ತು, ಇನ್ನು ವೈನ್. ಆ ಬಟ್ಟಲು ಇತ್ತ ಕೊಡು. ತಲೆ ನಾನೇ ತೊಳೀತೀನಿ. ನೀನು ಕೈಮೂಳೆ ನೋಡ್ಕೋ, ಸಣ್ಣ ಸಣ್ಣವು, ಹುಲ್ಲಲ್ಲಿ ಬಿದ್ರೆ ಸಿಗಲ್ಲ. ಪಾದ್ರಿ ಬರೋದು ಹನ್ನೊಂದು ಗಂಟೆಗೆ. ಅಗ್ರೋನ್ ಗೇಟಿನ ಹತ್ರ ಸಿಗರೇಟ್ ಸೇದ್ತಾ ನಿಂತಿದಾನೆ. ಗುಂಡಿ ಅಗೆದು ಸುಸ್ತಾಗಿದೆ ಅಂದ. ಸುಸ್ತೂ ಇಲ್ಲ ಏನೂ ಇಲ್ಲ, ಹೆಂಗಸರಿಬ್ಬರೇ ಇರಲಿ ಅಂತ ಹೋದ. ಒಳ್ಳೆಯವನು.

ನೋಡು, ಹಳದಿ ಬಂದಿದೆ. ಜೇನುಮೇಣದ ಬಣ್ಣ. ಮೂಳೆ ಹಳದಿ ಇದ್ರೆ ಆತ್ಮ ಹಗುರ ಅಂತಾರಲ್ಲ ನಿಮ್ಮ ಊರಲ್ಲಿ... ನಿಮ್ಮ ಊರು ಅಂದೆ, ನೋಡು. ನಲವತ್ತೈದು ವರ್ಷ ಇಲ್ಲಿ ಬಾಳಿದ್ರೂ ಬಾಯಿಗೆ ಹಾಗೇ ಬರುತ್ತೆ. ಕಡಲಾಚೆ ನನ್ನ ತವರು ಸುಖುಮಿಯಲ್ಲಿ ನಾವು ಹೂತವರನ್ನ ಮತ್ತೆ ಮುಟ್ಟೋರಲ್ಲ. ನಿನ್ನ ಮಾವ ನನ್ನನ್ನ ಹಡಗಿನಲ್ಲಿ ಕರ್ಕೊಂಡು ಬಂದ ವರ್ಷ, ಅವರಮ್ಮ ಇದೇ ಕಟ್ಟೆ ಮೇಲೆ ಯಾರದೋ ಮೂಳೆ ತೊಳೀತಿದ್ದರು. ನಾನು ಚಪ್ಪಲಿ ಬಿಟ್ಟು ಓಡಿದ್ದೆ. ಮೂರು ವರ್ಷಕ್ಕೆ ಎತ್ತೋದು, ತೊಳೆಯೋದು, ಪೆಟ್ಟಿಗೆಗೆ ಹಾಕೋದು, ಜಾಗ ಮುಂದಿನವರಿಗೆ ಬಿಡೋದು. ಇದೆಂಥ ಪದ್ಧತಿ ಅಂದ್ಕೊಂಡಿದ್ದೆ. ಈಗ ನನ್ನ ಮಗ ಲಾಂಬ್ರೊಸನ ತಲೆ ನನ್ನ ತೊಡೆ ಮೇಲಿದೆ. ಇನ್ನೊಂದು ಸಲ ಸಿಕ್ಕಿತಲ್ಲ. ಬೇರೆ ಕಡೆ ತಾಯಂದಿರಿಗೆ ಇಷ್ಟೂ ಸಿಗಲ್ಲ.

ಯಾಕೆ ನನ್ನನ್ನೇ ನೋಡ್ತೀಯ? ಮಾಡು, ಮಾಡು.

...ಒಂದು ಮಾತು ಕೇಳ್ಲಾ ಅರ್ಗಿರೊ? ನೀನು ಆ ಕೋಟು ನೋಡಲೇ ಇಲ್ಲ. ಅಗ್ರೋನ್ ಚಿಂದಿ ಎತ್ತಿ ಅಲ್ಲಿ ಇಟ್ಟ, ಮದುವೆ ಕೋಟು, ಜೇಬು ಇನ್ನೂ ಜೇಬಿನ ಹಾಗೇ ಇದೆ. ನೀನು ಹತ್ರಾನೂ ಹೋಗ್ಲಿಲ್ಲ. ಮೂರು ವರ್ಷದಿಂದ ಇದೇ ದಿನಕ್ಕೆ ಕಾಯ್ತಿದ್ದವಳು ನೀನು. ಪುರಸಭೆಯವರ ಕಾಲು ಹಿಡಿದೆ, ಮುಂಚೆ ಅಗೆಯೋಕೆ ಅಪ್ಪಣೆ ಕೊಡಿ ಅಂತ. ಬೇಕರಿಯ ಪಾಂಡೆಲಿಸ್ ಮುದುಕನಿಗೆ ಆಣೆ ಹಾಕಿಸಿದೆ, ಜೂನ್ ತನಕ ಅಂಗಡಿ ಯಾರಿಗೂ ಮಾರಬೇಡಿ, ಲಾಂಬ್ರೊಸನ ಜೇಬಲ್ಲಿರೋ ಸ್ಟೀಲ್ ತಗಡು ಸಿಕ್ಕಿದ ದಿನ ಪೂರ್ತಿ ದುಡ್ಡು ಕೊಟ್ಟು ನಾನೇ ತಗೋತೀನಿ ಅಂತ. ಹದಿನೈದು ವರ್ಷ ಬೇರೆಯವರ ಒಲೆ ಮುಂದೆ ಹಿಟ್ಟು ನಾದಿದವಳು. ಇವತ್ತು ಜೇಬಿಗೆ ಕೈ ಹಾಕ್ಲಿಲ್ಲ ಅಂದ್ರೆ ಏನು ಅರ್ಥ?

ಬೇಡ ಬಿಡು, ನಾನೇ ನೋಡಿದೆ. ಇಲ್ಲ. ತುಕ್ಕು ಹಿಡಿದಿರಬಹುದು. ಮಣ್ಣಿಗೆ ಸೇರಿರಬಹುದು.

ಹೂಂ. ಸ್ಟೀಲಿಗೆ ತುಕ್ಕು ಹಿಡಿಯಲ್ಲ. ಗೊತ್ತು.

ಎಲ್ಲಾ ಆ ಬ್ಯಾಂಕುಗಳಿಂದ. ಬ್ಯಾಂಕು ಮುಚ್ಚಿದ ಬೇಸಿಗೆ ನೆನಪಿದೆಯಾ? ನಿನ್ನ ಮಾವ, ಎದೆನೋವಿನ ಮನುಷ್ಯ, ತನ್ನದೇ ದುಡ್ಡಿಗೆ ದಿನಾ ಬಿಸಿಲಲ್ಲಿ ಸಾಲು ನಿಂತಿದ್ದು? ಅದನ್ನ ನೋಡಿಯೇ ಲಾಂಬ್ರೊಸ್ ಹಲ್ಲು ಕಚ್ಚಿ ಹೇಳಿದ್ದ, ನಮ್ಮ ಮನೆಯ ಒಂದು ಕಾಸೂ ಇನ್ನು ಬ್ಯಾಂಕಿಗಿಲ್ಲ ಅಂತ. ಆಮೇಲೆ ಮೀನು ಹಿಡಿಯೋದು ಕಮ್ಮಿ ಆಗಲಿ ಅಂತ ಸರ್ಕಾರದವರು, ದೋಣಿ ಒಡೆದು ಹಾಕಿದ್ರೆ ಪರಿಹಾರ ಕೊಡ್ತೀವಿ ಅಂದ್ರು. ಅಪ್ಪನ ದೋಣಿ. ಬುಲ್ಡೋಜರ್ ಅದರ ಎದೆ ಮೇಲೆ ಹತ್ತಿದಾಗ ಇವನು ಬೆನ್ನು ತಿರುಗಿಸಿ ನಿಂತಿದ್ದ. ಆ ದುಡ್ಡೆಲ್ಲ ಹೋಗಿ ಕಂಪ್ಯೂಟರಿನ ನಾಣ್ಯ ಆಯ್ತು. 'ಅಮ್ಮಾ, ಇದು ಯಾವ ಕಟ್ಟಡದಲ್ಲೂ ಇಲ್ಲ, ಹನ್ನೆರಡು ಪದದೊಳಗಿದೆ, ಪದ ಇದ್ದವನದೇ ದುಡ್ಡು' ಅಂದ. ನನಗೆ ನಗು ಬಂದಿತ್ತು. ಮೀನು ಸಾಕೋ ಪಂಜರದ ಬಲೆ ಹೊಲಿಯೋಕೆ ನೀರಿಗಿಳಿದವನು ಜೀವಂತ ಮೇಲೆ ಬರ್ಲಿಲ್ಲ, ಫೋನೂ ಅವನ ಜೊತೆ ಹೋಯ್ತು. ಉಳಿದದ್ದು ಹನ್ನೆರಡು ಪದ ಕೆತ್ತಿದ ಆ ಸ್ಟೀಲ್ ತಗಡು ಒಂದೇ. ಅದು ಮದುವೆ ಕೋಟಿನ ಒಳಜೇಬಲ್ಲಿತ್ತು ಅಂತ ನಿನಗೆ ನೆನಪಾದದ್ದು ಮಣ್ಣು ಮಾಡಿ ಎರಡು ವಾರ ಆದಮೇಲೆ.

ನಿನ್ನ ತಪ್ಪು ಅಂತಿಲ್ಲ. ಆದ್ರೆ ಗಂಡನ ನಾಣ್ಯದ ಬೀಗದ ಕೈ ಕಳೆದಿದೆ ಅಂತ ಊರೆಲ್ಲ ನೋಡೋ ಫೇಸ್‌ಬುಕ್ಕಿನಲ್ಲಿ ಬರೆದೆಯಲ್ಲ, ಅದೂ ನಮ್ಮನೆ ನಂಬರಿನ ಸಮೇತ, ಅದು ಮಾತ್ರ ಪೆದ್ದತನ. ರಕ್ತದ ವಾಸನೆಗೆ ಮೀನು ಬಂದ ಹಾಗೆ ಬಂದ್ರು. ನೀನು ಬೇಕರಿಯಲ್ಲಿ, ಫೋನು ನನ್ನ ಪಾಲಿಗೆ. ನಾನಿಲ್ಲದಿದ್ರೆ ನಿನ್ನನ್ನ ಹಸಿಯಾಗಿ ನುಂಗ್ತಿದ್ರು. ಲಂಡನ್ನಿಂದ ಒಬ್ಬ ಸೂಟಿನವನು, ಮುಳುಗಿದ ದುಡ್ಡು ಮೇಲೆತ್ತೋದೇ ಅವನ ಕೆಲಸವಂತೆ, ಮೊದಲು ಇನ್ನೂರು ಯೂರೋ ಕಳಿಸಬೇಕಂತೆ. 'ಸಿಗೋ ದುಡ್ಡಲ್ಲೇ ನಿನ್ನದನ್ನ ಹಿಡ್ಕೊಳ್ಳಪ್ಪ' ಅಂದೆ. ಫೋನ್ ಇಟ್ಟ. ಇನ್ನೊಬ್ಬ, ಸರ್ಕಾರಿ ಮುದ್ರೆ ಹಾಕಿದ ಕಾಗದ ಕಳಿಸಿದ. ನಮ್ಮ ಸರ್ಕಾರ ಯಾವತ್ತು ಇಷ್ಟು ಬೇಗ ಕಾಗದ ಕಳಿಸಿದೆ? ಹರಿದು ಒಲೆಗೆ ಹಾಕಿದೆ.

ಮತ್ತೆ ಆ ಹೆಂಗಸು. ಅಯ್ಯೋ, ಏನು ಅಳು. ತನ್ನ ಗಂಡನೂ ಸತ್ತನಂತೆ, ತಾನೂ ನಮ್ಮ ಹಾಗೇ ವಿಧವೆ, ಯಾರೋ ಒಬ್ಬ ದೇವರಂಥವನು ಎಲ್ಲಾ ಬಿಡಿಸಿಕೊಟ್ಟನಂತೆ. ನನ್ನ ಕಣ್ಣಲ್ಲೂ ನೀರು ಬಂತು. ಆಮೇಲೆ ಸುಮ್ಮನೆ ಕೇಳಿದೆ, 'ತಂಗೀ, ನಲವತ್ತನೇ ದಿನದ ಗೋಧಿಗೆ ಏನೇನು ಬೆರೆಸಿದೆ?' ಸತ್ತವರ ಹೆಸರಲ್ಲಿ ಸಕ್ಕರೆ, ದ್ರಾಕ್ಷಿ ಹಾಕಿ ಗೋಧಿ ಬೇಯಿಸದ ವಿಧವೆ ಈ ದೇಶದಲ್ಲಿದಾಳಾ? ಅವಳು ಸ್ವಲ್ಪ ಯೋಚನೆ ಮಾಡಿ 'ಟೊಮೇಟೊ' ಅಂದಳು.

ನಗು, ನಗು. ಇವತ್ತು ಇದೇ ಮೊದಲು ನಕ್ಕಿದ್ದು ನೀನು. ಟೊಮೇಟೊ ಅಂತೆ. ನಾನು ಅವಳಿಗೆ ಹೇಳಿದೆ, 'ಹೋಗೇ, ಯಾರಿಗೆ ಹೇಳ್ತೀಯ, ತಗಡು ನನ್ನ ಕೈಯಲ್ಲೇ ಇದೆ, ನಿನ್ನ ದೇವರಂಥವನಿಗೆ ನಾಲಿಗೆ ಚಾಚಿ ಕೂತಿರು ಅನ್ನು...'

ಯಾಕೆ ನಿಲ್ಲಿಸಿದೆ?

ಅದು... ಅವಳನ್ನ ಉರಿಸೋಕೆ ಅಂದದ್ದು. ಮಾತಿಗೆ.

ಹಾಗೆ ನೋಡಬೇಡ ಅರ್ಗಿರೊ.

ಹೌದು. ಇತ್ತು. ಅವನಿಗೆ ಕೋಟು ತೊಡಿಸಿದವಳು ನಾನಲ್ಲವಾ? ನೀನು ಆ ಕೋಣೆಗೆ ಕಾಲಿಡೋ ಸ್ಥಿತಿಯಲ್ಲಿರಲಿಲ್ಲ. ಒಳಜೇಬಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು. ತೆಗೆದು ನೋಡಿದ್ರೆ ಸೊಟ್ಟ ಸೊಟ್ಟ ಅಕ್ಷರ, ಮೊಳೆ ಇಟ್ಟು ಸುತ್ತಿಗೆಯಲ್ಲಿ ಅವನೇ ಹೊಡೆದದ್ದು. ಇಂಗ್ಲಿಷು, ನನಗೇನು ಅರ್ಥ ಆಗುತ್ತೆ? ಮಗನ ಕೈ ಮಾಡಿದ ಕೊನೆಯ ವಸ್ತು ಅಂತ ಎದೆಯಲ್ಲಿಟ್ಕೊಂಡೆ. ಅದು ಏನು ಅಂತ ನೀನು ಅಳ್ತಾ ಹೇಳಿದ ದಿನ ಕೊಡಬೇಕಿತ್ತು. ಬಾಯಿ ತೆರೆದೆ, ದೇವರಾಣೆ ತೆರೆದೆ. ಅವತ್ತೇ ನೀನು ನಿನ್ನ ಅಕ್ಕನ ಹತ್ರ ಅಂದೆ, ದುಡ್ಡು ಸಿಕ್ಕಿದ್ರೆ ಮಗಳು ಮಿನಾನ ಕರ್ಕೊಂಡು ವೋಲೋಸಿಗೆ, ನಿನ್ನ ಹತ್ರಾನೇ ಬಂದುಬಿಡ್ತೀನಿ ಅಂತ. ಬೇಕರಿಯ ಯೋಚನೆ ಬಂದದ್ದು ಎಷ್ಟೋ ಆಮೇಲೆ. ಅಷ್ಟು ಹೊತ್ತಿಗೆ ನನ್ನ ಸುಳ್ಳಿಗೆ ವಯಸ್ಸಾಗಿತ್ತು, ತೆಗೆದು ತೋರಿಸೋ ಹಾಗಿರಲಿಲ್ಲ. ಮೂಳೆ ಎತ್ತೋ ದಿನ ಮೆಲ್ಲಗೆ ಜೇಬಿಗೆ ಹಾಕ್ತೀನಿ, ಅವಳಿಗೇ ಸಿಗುತ್ತೆ ಅಂದ್ಕೊಂಡಿದ್ದೆ. ಸತ್ಯವಾಗ್ಲೂ.

ಹಾಗೇ ಮಾಡ್ತಿದ್ದೆ. ಅವನು ಫೋನ್ ಮಾಡದೇ ಇದ್ದಿದ್ರೆ.

ಯಾರು ಅಂತ ಕೇಳಬೇಡ. ಆ ಟೊಮೇಟೊ ಹೆಂಗಸಿಗೆ ಬೈದು ಎರಡು ವಾರ ಆಗಿತ್ತು. ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ್ದ ಹೊತ್ತು. ಎತ್ತಿದೆ. 'ಅಮ್ಮಾ' ಅಂದ.

ಲಾಂಬ್ರೊಸ್.

ಹುಚ್ಚು ಹಿಡಿದಿಲ್ಲ ನನಗೆ. ಕಳ್ಳರು ಅಂತ ಆ ಕ್ಷಣಕ್ಕೇ ಗೊತ್ತಾಯ್ತು. ಟಿವಿಯಲ್ಲಿ ತೋರಿಸಿದ್ರಲ್ಲ, ಯಂತ್ರಕ್ಕೆ ಸತ್ತವರ ಮಾತು ಕೇಳಿಸಿದ್ರೆ ಅದೇ ಧ್ವನಿಯಲ್ಲಿ ಮಾತಾಡುತ್ತೆ ಅಂತ. ಅವನು ದೋಣಿಗೆ ಬಣ್ಣ ಬಳೀತಾ ಹರಟೋ ವಿಡಿಯೊಗಳೆಲ್ಲ ಇನ್ನೂ ಹಾಗೇ ಇವೆಯಲ್ಲ, ಅಲ್ಲಿಂದ ಕದ್ದಿದಾರೆ. ಮತ್ತೆ ಅವನು 'ಊಟ ಆಯ್ತಾ ಅಮ್ಮಾ' ಅಂದ. ನನ್ನ ಮಗ ಬದುಕಿದ್ದ ಮೂವತ್ತಾರು ವರ್ಷದಲ್ಲಿ ಒಂದು ದಿನ ನನ್ನ ಊಟ ವಿಚಾರಿಸಿದವನಲ್ಲ. ತಾನು ಉಂಡು ಎದ್ದು ಹೋಗ್ತಿದ್ದ. ನೀನೂ ಬಲ್ಲೆ. ಅದಕ್ಕೇ ಗೊತ್ತಾಯ್ತು ಇವನು ಅವನಲ್ಲ ಅಂತ.

ಇಡಬೇಕಿತ್ತು ಫೋನು. ನಾನು ಹೇಳಿದೆ, 'ಆಯ್ತು ಕಣೋ. ಹುರುಳಿಕಾಯಿ ಮಾಡಿದ್ದೆ.'

ಪದ ಬೇಕು ಅಂದ. ಕಾಗದಪತ್ರ ಸರಿಮಾಡಬೇಕಂತೆ. ನಾನು ಲೆಕ್ಕ ಹಾಕಿದೆ, ನೀನು ನಿನ್ನ ಅತ್ತೆಯನ್ನ ಅಷ್ಟು ಪೆದ್ದಿ ಅಂದ್ಕೋಬೇಡ. ಒಂದು ಫೋನಿಗೆ ಒಂದೇ ಪದ ಅಂದೆ. ನಾಳೆ ಮಾಡು, ಇನ್ನೊಂದು ಹೇಳ್ತೀನಿ. ಒಂದೊಂದೇ ಅಕ್ಷರ ಬಿಡಿಸಿ ಹೇಳ್ತಿದ್ದೆ, ಆಮೇಲೆ ಮಿನಾಳ ಇಂಗ್ಲಿಷ್ ಪುಸ್ತಕದಲ್ಲಿ ಅರ್ಥ ಹುಡುಕ್ತಿದ್ದೆ. ನದಿ. ನಿಂಬೆ. ಏಣಿ. ಚಳಿಗಾಲ. ಪದ ಕೊಡೋಕೆ ಮುಂಚೆ ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ತಿದ್ದ. ಚಾವಣಿ ಸೋರೋದು, ನನ್ನ ಮಂಡಿನೋವು, ಎಲ್ಲಾ ಕೇಳ್ತಿದ್ದ. ಕೆಮ್ಮು ಸಹ ಅವನದೇ. ನೀನು ಬೈತೀಯ ಅಂತ ಗೊತ್ತು, ಆದ್ರೂ ಹೇಳ್ತೀನಿ, ಈ ಚಳಿಗಾಲ ನಾನು ಕೂದಲು ಬಾಚಿ ಫೋನಿನ ಮುಂದೆ ಕೂರ್ತಿದ್ದೆ.

ಆದ್ರೆ ಹನ್ನೆರಡನೇದು ಕೊಡಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದಿಲ್ಲದೆ ಬೀಗ ತೆಗೆಯಲ್ಲ ಅಲ್ಲವಾ? ಹನ್ನೊಂದು ಕೊಟ್ಟಿದೀನಿ, ಅಷ್ಟೆ. ಕೊನೇದು ಇನ್ನೂ ನನ್ನ ಹತ್ರ ಇದೆ. ಈರುಳ್ಳಿ. ತಗೋ, ನಿನಗೆ ಹೇಳಿದೆ. ತಗಡೂ ತಗೋ, ಇಲ್ಲೇ ಇದೆ, ಬಚ್ಚಿಟ್ಟು ಬಚ್ಚಿಟ್ಟು ನನಗೂ ಸಾಕಾಗಿದೆ. ಇವತ್ತೇ ಪಾಂಡೆಲಿಸ್ ಹತ್ರ ಹೋಗು, ಬೇಕರಿ ನಿನ್ನದು. ಅವನಿಗೆ ಸಿಕ್ಕಿಲ್ಲ, ನಿನ್ನ ದುಡ್ಡು ಭದ್ರವಾಗಿದೆ.

ತಗೋ ಅಂದ್ನಲ್ಲ.

ಇದೇನು, ಫೋನ್ ಯಾಕೆ ತೋರಿಸ್ತೀಯ? ಕನ್ನಡಕ ಇಲ್ಲ ನನಗೆ... ಲಾಂಬ್ರೊಸನ ದುಡ್ಡಾ ಇದು? ಪದ ಇಲ್ದೇನೂ ನೋಡೋಕೆ ಆಗುತ್ತಾ? ಮುಟ್ಟೋಕೆ ಆಗಲ್ಲ, ನೋಡಬಹುದು. ಅಂದ್ರೆ ನೀನು ದಿನಾ... ಮೂರು ವರ್ಷ ದಿನಾ ನೋಡ್ತಿದ್ದೆಯಾ?

ಇದು ಸೊನ್ನೆ.

ಪಕ್ಕದಲ್ಲಿ ತಾರೀಖು. ದೊಡ್ಡದು ಮಾಡು. ಈಸ್ಟರಿಗೆ ಒಂದು ವಾರ ಮುಂಚಿನ ಶನಿವಾರ, ಲಾಜರನ ಶನಿವಾರ. ಸಂಜೆ.

ಅವತ್ತು ಮಧ್ಯಾಹ್ನ ನಾನು ಹನ್ನೊಂದನೇದು ಕೊಟ್ಟೆ.

ಹನ್ನೊಂದಿದ್ರೆ ಸಾಕಾ? ಉಳಿದ ಒಂದನ್ನ ಯಂತ್ರವೇ ಹುಡುಕಿಕೊಳ್ಳುತ್ತಾ... ಅದಕ್ಕೇನಾ. ಅದಕ್ಕೇನಾ ಅವನು ಆಮೇಲೆ ಮಾಡಲೇ ಇಲ್ಲ. ನಾನು ಈಸ್ಟರ್ ಹಬ್ಬ ಅಂದ್ಕೊಂಡೆ. ಆಮೇಲೆ ಫೋನು ಕೆಟ್ಟಿದೆ ಅಂದ್ಕೊಂಡೆ, ರಿಪೇರಿಯವನನ್ನೂ ಕರೆಸಿದೆ. ನನ್ನ ಮೇಲೆ ಕೋಪ ಅಂದ್ಕೊಂಡೆ. ಎರಡು ತಿಂಗಳಿಂದ ಫೋನು ಬಿಟ್ಟು ಏಳ್ತಿಲ್ಲ ನಾನು. ಹಾಗಾದ್ರೆ ಇನ್ನು ಮಾಡಲ್ಲ ಅವನು.

ನಿನಗೆ ಎರಡು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ಕೋಟಿನ ಜೇಬು ನೋಡ್ಲಿಲ್ಲ, ನಾನೇ ಹೇಳಲಿ ಅಂತ ಕೂತಿದ್ದೆ. ಗೊತ್ತಿದ್ದೂ ಬೆಳಿಗ್ಗೆ ನನಗೆ ಕಾಫಿ ಮಾಡಿಕೊಟ್ಟೆ.

ಬೈ ನನ್ನ. ಈ ಬಟ್ಟಲು ಎತ್ತಿ ಮುಖಕ್ಕೆ ಎರಚು. ಮನೆ ಮಾರು, ಬೇಕರಿ ತಗೋ, ಬರೆದುಕೊಡ್ತೀನಿ.

ಬೇಕರಿ ಅಲ್ಲ. ದುಡ್ಡೂ ಅಲ್ಲ. ಹಾಗಾದ್ರೆ ಇನ್ನೇನು ನೀನು ಹೀಗೆ... ಏನೂ ಕೇಳದೆ...

ಅದಾ. ನಿನ್ನನ್ನ ವಿಚಾರಿಸಿದ್ನಾ ಅಂತಾನಾ?

ಕೇಳಿದ. ನಿನ್ನನ್ನ ಕೇಳಿದ, ಅವತ್ತೇ, ಆ ಶನಿವಾರ. ನಾನು ಪದ ಕೊಡದೆ ಎಳೀತಿದ್ದೆ, ಅವನಿಗೆ ಬೇಜಾರಾಗಿತ್ತು. 'ಅರ್ಗಿರೊ ಎಲ್ಲಿ ಅಮ್ಮಾ? ಅವಳಿಗೆ ಕೊಡು ಫೋನು' ಅಂದ. ನಿನ್ನ ಹೆಸರನ್ನ ಅವನು ಎಳೆದು ಕರೀತಿದ್ದನಲ್ಲ, ಹಾಗೇ. ಅವಳು ಬೇಕರಿಯಲ್ಲಿದಾಳೆ ಅಂದೆ. ಕಾಯ್ತೀನಿ ಅಂದ. ಆಗಲೇ ಹನ್ನೊಂದನೇದು ಕೊಟ್ಟುಬಿಟ್ಟೆ, ಬೇಗ ಬೇಗ ಅಕ್ಷರ ಹೇಳಿ, ನಿನ್ನ ಮಾತು ಮತ್ತೆ ಎತ್ತದಿರಲಿ ಅಂತ.

ಅವತ್ತು ನೀನು ಬೇಕರಿಯಲ್ಲಿರಲಿಲ್ಲ, ಹಬ್ಬದ ಬ್ರೆಡ್ ಬೇಯಿಸಿ ಬಂದು ಪಕ್ಕದ ಕೋಣೆಯಲ್ಲೇ ಮಲಗಿದ್ದೆ. ಬಾಗಿಲು ತೆರೆದಿತ್ತು.