ಕಾರ್ಡಿನಲ್ಲಿದ್ದ ಶೂಲೆ

ಅರವತ್ತೊಂದನೇ ಇಸವಿಯ ಒಂದು ಬೆಳಿಗ್ಗೆ ಕುಮಟೆಯ ಮೋಟಾರು ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಶ್ರೀಮತಿ ಅಕ್ಕೋರಿಗೆ ಹಿಂದಿನ ಬೆಂಚಿನ ಮಾತು ಬೇಡವೆಂದರೂ ಕೇಳುತ್ತಿತ್ತು. ಮೀನು ಮಾರುವ ದುರ್ಗಿ, ಕಾರವಾರದ ಜೈಲಿನಿಂದ ಬಂದ ಕಾರ್ಡನ್ನು ಗಣಪಯ್ಯ ಮಾಸ್ತರರ ಮುಂದೆ ಹಿಡಿದಿದ್ದಳು.

“ಒಡೆಯಾ, ನನ್ನ ತಮ್ಮ ಜಟ್ಟನ್ನ ಶೂಲಕ್ಕೆ ಹಾಕ್ತ್ರಂತೆ. ಬಲೆ ಜಗಳದಾಗೆ ಒಬ್ಬಂಗೆ ಹೊಡ್ದಿದ್ದಕ್ಕೆ ಶೂಲವಾ?”

“ಹಾಗಂತ ಯಾರು ಓದಿ ಹೇಳಿದ್ದು?”

“ಪಕ್ಕದ ಮನೆ ತಿಮ್ಮ. ಶೂಲೆ ಅಂತ ಬರ್ದದೆ ಅಂದ. ಬಯಲಾಟದಾಗೆ ರಾಜ ಹೇಳೂದಿಲ್ವ, ಇವನನ್ನು ಶೂಲಕ್ಕೇರಿಸಿ ಅಂತ?”

ಮಾಸ್ತರರು ಕಾರ್ಡನ್ನು ಕಣ್ಣಿನ ಹತ್ತಿರ ತಂದರು.

“ಥೋ, ಇದು ಹೊಟ್ಟೆಶೂಲೆ ಮಾರಾಯ್ತಿ! ಶೂಲ ಅಂದ್ರೆ ಚೂಪು ಗೂಟ. ಹಿಂದೆ ಕಳ್ಳರನ್ನ ಅದರ ಮೇಲೆ ಕೂರಿಸಿ ಕೊಲ್ತಿದ್ರು. ಹೊಟ್ಟೆಯೊಳಗೆ ಹಾಗೆ ಚುಚ್ಚುವ ನೋವಿಗೂ ಅದೇ ಹೆಸರು ಬಂತು. ಈಗ ಯಾರೂ ಗೂಟಕ್ಕೇರಿಸೂದಿಲ್ಲ.”

“ಹಂಗಾರೆ ಬರೀ ಹೊಟ್ಟೆನೋವಾ?”

“ಬರೀ ಹೊಟ್ಟೆನೋವು.”

ದುರ್ಗಿ ನಕ್ಕಳು. “ಆ ತಿಮ್ಮ ಸಿಗ್ಲಿ, ಅವನ್ನೇ ಏರಿಸ್ತೆ. ಹೆಣಕ್ಕೆ ಹೊದೆಸೂಕೆ ಅಂತ ಬಿಳಿ ಪಂಜಿ ಬೇರೆ ತಂದೆ ನಾನು.”

ನಗು ಅಲ್ಲಿಗೇ ನಿಂತಿತು.

“ಒಡೆಯಾ, ಕಡೆಗೆ ಎಂತ ಬರ್ದದೆ?”

“ಕೂಡಲೇ ಹೊರಟು ಬನ್ನಿ ಅಂತ.”

“ಹೊಟ್ಟೆನೋವಿಗೆ ಜೈಲಿನವ್ರು ಕಾರ್ಡು ಹಾಕ್ತ್ರಾ?”

ಮಾಸ್ತರರು ಕಾರ್ಡನ್ನು ತಿರುಗಿಸಿ ಅಂಚೆಮುದ್ರೆಯ ತಾರೀಖು ನೋಡಿದರು. ಅಷ್ಟರಲ್ಲಿ ಹಿಂದಕ್ಕೆ ತಿರುಗಿದ್ದ ಅಕ್ಕೋರಿಗೂ ಅದು ಕಂಡಿತು. ಎಂಟು ದಿನದ ಹಿಂದಿನದು.

ಕಾರವಾರದ ಬಸ್ಸು ಬಂತು. ದುರ್ಗಿ ಪಂಜಿಯ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದಳು.