ಬೈಗುಳಕ್ಕೆ ಹಂಬಲಿಸಿದ ಸಾಹುಕಾರ

ಆಡಿದ ಮಾತು ಆಡಿದವರ ಬಾಯಲ್ಲೇ ಉಳಿಯುತ್ತದೆಯೇ, ಇಲ್ಲ ಎದ್ದು ಎಲ್ಲಿಗಾದರೂ ಹೋಗುತ್ತದೆಯೇ? ಈ ಪ್ರವಚನದಲ್ಲಿ ಇಷ್ಟು ಹೊತ್ತು ನಾವು ಕೇಳಿಕೊಂಡದ್ದು ಇದನ್ನೇ. ಅದಕ್ಕೊಂದು ದೃಷ್ಟಾಂತ ಕೇಳಿ, ತಾಯಂದಿರೇ, ಅಣ್ಣಂದಿರೇ. ಪುರಾಣದ್ದಲ್ಲ, ಕಬಡ್ಡಿ ಆಟದ್ದು. ನಗಬೇಡಿ. ಟಿವಿ ಮುಂದೆ ಕೂತು ಗಂಟಲು ಹರಿಯುವಂತೆ ಕೂಗುವವರು ಈ ಸಭೆಯಲ್ಲೂ ಇದ್ದಾರೆ.

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಎಂಥ ಸಾಹುಕಾರ? ಬೇರೆಯವರು ಎಮ್ಮೆ ಕೊಳ್ಳುವಂತೆ ಅವನು ಒಂದು ಕಬಡ್ಡಿ ತಂಡವನ್ನೇ ಕೊಂಡಿದ್ದ. ಆಟಗಾರರು ಅವನವರು, ಕೋಚ್ ಅವನವನು, ಅಂಕಣದ ಮೇಲ್ಗಡೆ ಕಟ್ಟಿಸಿದ್ದ ಗಾಜಿನ ಕೋಣೆಯೂ ಅವನದೇ. ಆಟ ನಡೆಯುವಾಗ ಆ ಕೋಣೆಯಲ್ಲಿ ಅವನೊಬ್ಬನೇ ಕೂತಿರುತ್ತಿದ್ದ. ತಂಡ ಗೆದ್ದರೆ ಕೆಳಗೆ ಜನ ಗುರುತಿಲ್ಲದವರನ್ನೂ ತಬ್ಬಿಕೊಂಡು ಕುಣಿಯುತ್ತಿದ್ದರು. ಇವನು ಸಂತೋಷಕ್ಕೆ ಎದ್ದು ನಿಲ್ಲುತ್ತಿದ್ದ, ಅತ್ತಿತ್ತ ನೋಡುತ್ತಿದ್ದ, ತಬ್ಬಲು ಯಾರೂ ಇಲ್ಲದೆ ಮತ್ತೆ ಕೂರುತ್ತಿದ್ದ.

ಚಿಕ್ಕಂದಿನಿಂದಲೂ ಹೀಗೇ. ಓಣಿಯ ಹುಡುಗರು ಇವನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ಸೇರಿಸಿಕೊಳ್ಳದೆ ಏನು? ಆದರೆ ಇವನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರು ಪಾಳಯಕ್ಕೆ ಹೋದರೆ ಒಬ್ಬನೂ ಹಿಡಿಯುತ್ತಿರಲಿಲ್ಲ. ಅಂಗಿ ಹರಿದರೆ ಇವನಪ್ಪ ಸುಮ್ಮನೆ ಬಿಟ್ಟಾನೆಯೇ? ಎಲ್ಲರೂ ಹಿಂದೆ ಸರಿದು ದಾರಿ ಬಿಡುತ್ತಿದ್ದರು. ಉಳಿದವರ ಮೊಣಕಾಲು ತರಚಿ ಕೆಂಪಾಗಿರುತ್ತಿತ್ತು. ಇವನ ಮೈಗೆ ಒಂದಿಷ್ಟು ಮಣ್ಣೂ ಅಂಟಿರುತ್ತಿರಲಿಲ್ಲ. ಯಾರಾದರೂ ಒಮ್ಮೆ ಕಾಲು ಹಿಡಿದು ಕೆಡವಬಾರದೇ ಎಂದು ಹಂಬಲಿಸಿದ ಮಗು ಅದು. ಸುಖದಲ್ಲಿ ಇಂಥದೊಂದು ಬಡತನವಿರುತ್ತದೆ, ನೋಡಿ.

ಆಟದ ಅಂಗಳದ ಹಿಂದಿನ ಗೇಟಿನ ಬಳಿ ನಿಂಗವ್ವನ ಚಹಾದಂಗಡಿ. ಅಲ್ಲೊಂದು ಉದ್ದನೆಯ ಬೆಂಚು. ಸಂಜೆಯಾದರೆ ಆ ಬೆಂಚಿನ ಮೇಲೆ ಅಭಿಮಾನಿಗಳ ನ್ಯಾಯಸಭೆ. ಮೊದಲು ಯಾರನ್ನು ದಾಳಿಗೆ ಕಳಿಸಬೇಕಿತ್ತು, ಯಾರನ್ನು ಹೊರಗೆ ಕೂರಿಸಬೇಕಿತ್ತು, ಕೋಚ್‌ನ ತಲೆಯೊಳಗೆ ಏನಾದರೂ ಇದೆಯೇ, ಇದ್ದರೆ ಅದು ಏನು. ಸಾಹುಕಾರ ಕಾರಿನಲ್ಲಿ ಹಾದುಹೋಗುವಾಗ ಆ ನಗೆ, ಆ ಕೂಗಾಟ ಕಿವಿಗೆ ಬೀಳುತ್ತಿತ್ತು. ಒಂದು ಚಳಿಯ ಸಂಜೆ ತಡೆಯಲಾಗಲಿಲ್ಲ. ಕಾರನ್ನು ದೂರ ನಿಲ್ಲಿಸಿದ. ಉಣ್ಣೆಯ ಟೊಪ್ಪಿಗೆಯನ್ನು ಕಿವಿ, ಗದ್ದ ಮುಚ್ಚುವಂತೆ ಎಳೆದುಕೊಂಡು, ಹಳೆಯ ಶಾಲು ಹೊದ್ದು, ಬೆಂಚಿನ ತುದಿಗೆ ಬಂದು ಕೂತ.

“ಏ ಟೊಪಗಿ ಕಾಕಾ, ಸರಿಯೋ ಆಚೆ! ಇಡೀ ಬೆಂಚ್ ಏನ್ ನಿಮ್ಮಪ್ಪಂದೇನು?” ಎಂದು ದರ್ಜಿ ಯಮನೂರಪ್ಪ ಮೊಣಕೈಯಿಂದ ತಿವಿದ.

ಸಾಹುಕಾರನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ.

ಮರುದಿನ ಬಂದ. ಅದರ ಮರುದಿನವೂ ಬಂದ. ಬೆಂಚಿನವರು ತಂಡದ ಮಾಲೀಕನನ್ನು ಬೈದರೆ ಇವನು ಅವರಿಗಿಂತ ಜೋರಾಗಿ ಬೈದ.

“ಆ ಮಾಲಕ ಅನ್ನಾಂವಗ ಆಟ ಅಂದ್ರ ಏನಂತ ಗೊತ್ತೈತೇನು? ಗಾಜಿನ ಡಬ್ಬ್ಯಾಗ ಕುಂತಿರ್ತಾನ, ಬೇಕರಿ ಕೇಕ್ ಇದ್ದಂಗ,” ಎಂದ ಬಸ್ ಕಂಡಕ್ಟರ್ ದಾವಲಸಾಬ.

“ಅದೂ ಹಳಸಿದ ಕೇಕ್!” ಎಂದ ಸಾಹುಕಾರ.

ಬೆಂಚಿಗೆ ಬೆಂಚೇ ನಕ್ಕಿತು. ದಾವಲಸಾಬ ಅವನ ಬೆನ್ನಿಗೆ ಬಾರಿಸಿದ. ಆ ಏಟನ್ನು ಸಾಹುಕಾರ ಮನೆಗೆ ಒಯ್ದು, ಮಲಗುವ ತನಕ ನೆನೆನೆನೆದು ಸವಿದ. ಆದರೂ ಒಂದು ಕೊರತೆ ಉಳಿದಿತ್ತು. ಆಟದ ವಿಷಯದಲ್ಲಿ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಅವನು ತುದಿಯಲ್ಲೇ ಇದ್ದ. ನಡುವೆ ಕೂರುವ ಆಸೆ.

ತಂಡಕ್ಕೆ ಪರಸಪ್ಪ ನಾಯಕ. ಮೂಲೆಯಲ್ಲಿ ನಿಂತು ದಾಳಿಗೆ ಬಂದವರ ಕಾಲು ಹಿಡಿಯುವವನು, ಎಷ್ಟೋ ವರ್ಷಗಳಿಂದ ಆ ಮೂಲೆ ಅವನದೇ. ಒಂದು ದಿನ ಏನಾಯಿತು? ಆಟ ಸಮಸಮ ಇತ್ತು. ಕೊನೆಯ ದಾಳಿಗೆ ಬಂದವನ ಕಾಲು ಪರಸಪ್ಪನ ಕೈಗೆ ಸಿಕ್ಕಿತು, ಸಿಕ್ಕಿ ಜಾರಿತು. ತಂಡ ಸೋತಿತು. ಬೆಂಚಿಗೆ ಬೆಂಕಿ ಬಿತ್ತು.

“ಪರಸ್ಯಾಗ ವಯಸ್ಸಾತು. ಕಾಲ್ ಹಿಡೀತಾನೋ, ನಮಸ್ಕಾರ ಮಾಡ್ತಾನೋ ತಿಳೀವಲ್ದು!” ಎಂದ ಯಮನೂರಪ್ಪ.

“ಅವನ್ನ ತಗದ್ರ ಮೂಲ್ಯಾಗ ಯಾರ್ ನಿಲ್ತಾರ, ನಿಮ್ಮ ಹೊಲಿಗಿ ಮಷೀನೇನು?” ಎಂದಳು ನಿಂಗವ್ವ, ಚಹಾ ಸೋಸುತ್ತ.

“ನೀ ಸುಮ್ಕಿರವ್ವಾ. ಕಾಕಾ, ನೀ ಹೇಳೋ. ತಗೀಬೇಕೋ ಬ್ಯಾಡೋ?”

ಎಲ್ಲರೂ ಸಾಹುಕಾರನ ಕಡೆ ತಿರುಗಿದರು. ಇಲ್ಲಿ ಸ್ವಲ್ಪ ನಿಲ್ಲೋಣ. ಸಾಹುಕಾರನಿಗೆ ಏನು ಗೊತ್ತಿತ್ತು? ಪರಸಪ್ಪನ ಬೆರಳು ಬಾತಿದೆ, ಬಾತ ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಆಡುತ್ತಾನೆ ಎಂದು ಅಂದು ಬೆಳಿಗ್ಗೆಯೇ ಕೋಚ್ ಹೇಳಿದ್ದ. ಗೊತ್ತಿತ್ತು! ಹೇಳಬಹುದಿತ್ತು. ಹೇಳಿದನೇ? ಜೀವಮಾನದಲ್ಲಿ ಮೊದಲ ಸಲ ಒಂದು ಗುಂಪು ಅವನ ಬಾಯನ್ನೇ ನೋಡುತ್ತ ಕೂತಿದೆ. ಆ ಗುಂಪಿಗೆ ಯಾವ ಉತ್ತರ ರುಚಿಸುತ್ತದೆ ಎಂಬುದೂ ಗೊತ್ತಿದೆ.

“ತಗದ್ ಒಗೀಬೇಕು!” ಎಂದುಬಿಟ್ಟ.

“ಭಲೆ ಕಾಕಾ! ನಿನಗೊಬ್ಬಗ ಆಟ ತಿಳೀತದ ನೋಡು,” ಎಂದು ಯಮನೂರಪ್ಪ ಅವನ ಕುತ್ತಿಗೆಗೆ ಕೈಹಾಕಿ ಎಳೆದು ನಡುವೆ ಕೂರಿಸಿಕೊಂಡ. ಆ ಕೈಯ ಬಿಸಿ, ತಾಯಂದಿರೇ! ಆ ಬಿಸಿಗಾಗಿ ಅವನು ಮಾರನೆಯ ಬೆಳಿಗ್ಗೆ ಕೋಚ್‌ನನ್ನು ಕರೆದು, ಪರಸಪ್ಪನನ್ನು ತಂಡದಿಂದ ಬಿಡಿಸಿ ಎಂದ.

“ಸಾವ್ಕಾರ್ರ, ಬೆರಳಿಗೆ ಪೆಟ್ಟಾಗೇತ್ರಿ. ಅದೊಂದು ವಾಸಿ ಆಗ್ಲಿ, ನೋಡ್ರಿ ಮತ್ತ.”

“ಮಂದಿ ಬ್ಯಾಡ ಅನ್ನಾಕತ್ತಾರ.”

“ಯಾವ ಮಂದ್ರಿ?”

ಪರಸಪ್ಪನನ್ನು ತೆಗೆದರು.

ಸಂಜೆ ಅವನು ಬೆಂಚಿಗೆ ಓಡಿದ್ದೇ ಓಡಿದ್ದು. ಇವತ್ತು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೇನೋ! ಹೋಗಿ ನೋಡಿದರೆ ಬೆಂಚು ಸತ್ತವರ ಮನೆಯಾಗಿದೆ. ಯಮನೂರಪ್ಪ ಶಾಲಿನ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಾನೆ. ಚಹಾ ಆರಿ ಕೆನೆಗಟ್ಟಿದೆ.

“ಯಾವ ಪಾಪಿ ತಗದಾನೋ ನಮ್ಮ ಪರಸಣ್ಣನ್ನ! ಅವನ ಕೈ ಸೇದಿಹೋಗ್ಲಿ!”

“ನಿನ್ನೆ ನೀವ ಅಂದ್ರೆಲ್ಲೋ... ತಗೀಬೇಕು ಅಂತ,” ಎಂದು ಸಾಹುಕಾರ ತೊದಲಿದ.

ಯಮನೂರಪ್ಪ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದ. “ಏ ಕಾಕಾ, ನಿನಗ ಮಕ್ಕಳ ಇಲ್ಲೇನು? ಸಿಟ್ ಬಂದ್ರ ಮಗನಿಗೆ ಮನಿ ಬಿಟ್ಟು ಹೋಗ ಅಂತೀವಿ. ಅಂದ್ ಮಾತ್ರಕ್ಕ ಬಾಗಲಾ ಹಾಕ್ಕೊಂತೀವೇನು? ನಮ್ಮಾಂವ ಅಂತ ಬೈದ್ವಿ. ಬೈಯೂದಕ್ಕೂ ತಗಿಯೂದಕ್ಕೂ ಏನ್ ಸಂಬಂಧ?”

ಅಷ್ಟರಲ್ಲಿ ಪರಸಪ್ಪನೇ ಬಂದ. ಹೆಗಲಿಗೆ ಚೀಲ, ಬೆರಳಿಗೆ ಪಟ್ಟಿ. ಊರಿಗೆ ಹೋಗುವ ಬಸ್ಸು ಬರುವ ತನಕ ಒಂದು ಚಹಾ ಕುಡಿಯೋಣವೆಂದು. ಬೆಂಚಿನವರು ಮುಗಿಬಿದ್ದು ಜಾಗ ಮಾಡಿದರು. ಅವನು ಕೂತು ತಲೆ ಎತ್ತಿದ. ಪಕ್ಕದಲ್ಲೇ ಸಾಹುಕಾರ. ಆಟದ ಋತು ಆರಂಭವಾದ ದಿನ ಅವನ ಎದೆಗೆ ನಾಯಕನ ಬಿಲ್ಲೆ ಚುಚ್ಚಿದ್ದು ಇದೇ ಸಾಹುಕಾರನ ಕೈ. ಟೊಪ್ಪಿಗೆಯೊಳಗಿದ್ದರೂ ಆ ಕಣ್ಣು ಗುರುತಾಗದೆ ಇದ್ದೀತೇ?

“ಹೇಳ್ ಪರಸಣ್ಣಾ, ಇದನ್ನ ಮಾಡ್ದಾಂವ ಆ ಮಾಲಕನ ಹೌದಲ್ಲೋ?” ಎಂದ ದಾವಲಸಾಬ.

ಪರಸಪ್ಪ ಸಾಹುಕಾರನ ಕೈಯಲ್ಲಿದ್ದ ಚಹಾದ ಲೋಟ ನೋಡಿದ. ಅವನಿಗೆ ಅಂಟಿಕೊಂಡು ಕೂತಿದ್ದ ಯಮನೂರಪ್ಪನ ಹೆಗಲನ್ನೂ ನೋಡಿದ. ಎಲ್ಲವೂ ತಿಳಿಯಿತೇನೋ.

“ಯಾರಂತ ನನಗೇನ್ ಗೊತ್ತೋ ಅಣ್ಣಾ. ಯಾರರೆ ಬ್ಯಾಸರದಾಗ ಅಂದಿರಬೇಕು,” ಎಂದ.

ನೋಡಿ, ಅವನ ಜಾಗವನ್ನು ಇವನು ಕಿತ್ತುಕೊಂಡಿದ್ದ. ಅವನು ಇವನಿಗೆ ಇವನ ಜಾಗವನ್ನು ಉಳಿಸಿಕೊಟ್ಟ! ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಸಾಯುವ ತನಕ ಆ ಬೆಂಚು ಸಾಹುಕಾರನದೇ. ಬಸ್ಸು ಬಂತು. ಪರಸಪ್ಪ ಚೀಲ ಎತ್ತಿ ಎದ್ದ. ಸಾಹುಕಾರ ಇನ್ನೂ ಕೂತಿದ್ದ. ಪರಸಪ್ಪ ಮೆಟ್ಟಿಲಿಗೆ ಕಾಲಿಟ್ಟಾಗ ಸಾಹುಕಾರ ಎದ್ದು, ಟೊಪ್ಪಿಗೆ ಕಿತ್ತು ತೆಗೆದು ಕೂಗಿದ:

“ಹೋಗಬ್ಯಾಡೋ ಪರಸಪ್ಪಾ! ಮಾಡ್ದಾಂವ ನಾನ. ಬೆರಳಿಗೆ ನೋವಾಗೇತಿ ಅಂತ ಗೊತ್ತಿದ್ದೂ ಮಾಡೇನಿ. ನಾಳಿಂದ ನಿನ್ನ ಮೂಲಿ ನಿನಗ.”

ಬಸ್ಸು ಪರಸಪ್ಪನನ್ನು ಬಿಟ್ಟು ಹೋಯಿತು. ಸಾಹುಕಾರ ಬೆಂಚಿನ ಕಡೆ ತಿರುಗಿದ. ಬೈಗುಳ ಬರುತ್ತದೆಂದು ಕಾದ. ಬರಲೆಂದೇ ಕಾದ.

ಬೆಂಚಿನವರೆಲ್ಲ ಎದ್ದು ನಿಂತಿದ್ದರು. ಯಮನೂರಪ್ಪ ತನ್ನ ಶಾಲಿನಿಂದ ಬೆಂಚನ್ನು ಒರೆಸಿ, “ಕುಂಡ್ರಿ ಸಾವ್ಕಾರ್ರ. ಏನೋ ತಿಳೀದ ಏಕವಚನದಾಗ ಮಾತಾಡಿಬಿಟ್ವಿ. ತಪ್ಪ್ ತಿಳ್ಕೊಬ್ಯಾಡ್ರಿ,” ಎಂದ.

“ಬೈರೋ ನನ್ನ,” ಎಂದ ಸಾಹುಕಾರ. “ಬೈಯ್ರಲೋ!”

ಯಾರೂ ಬೈಯಲಿಲ್ಲ. ನಿಂಗವ್ವ ಹೊಸ ಲೋಟ ತೊಳೆದು, ಎರಡೂ ಕೈಯಲ್ಲಿ ಹಿಡಿದು ಚಹಾ ಕೊಟ್ಟಳು. ಅವನು ಕುಡಿಯದೆ ಹೋದ.

ಆ ವರ್ಷ ಪರಸಪ್ಪ ಚೆನ್ನಾಗಿ ಆಡಿದ. ತಂಡ ಕೆಲವು ಆಟ ಗೆದ್ದಿತು, ಕೆಲವು ಸೋತಿತು. ಸೋತ ದಿನ ಕೆಳಗಿನ ಜನರ ನಡುವೆ ಯಮನೂರಪ್ಪ ಎದ್ದು ನಿಂತು, ಗಾಜಿನ ಕೋಣೆಯ ಕಡೆ ಕೈ ಬೀಸಿ ಬೀಸಿ ಏನೋ ಕೂಗುವುದು ಕಾಣುತ್ತಿತ್ತು. ದಪ್ಪ ಗಾಜು, ಶಬ್ದ ಒಳಗೆ ಬರುತ್ತಿರಲಿಲ್ಲ. ಸಾಹುಕಾರ ಹತ್ತಿರ ಹೋಗಿ, ತಣ್ಣಗಿನ ಗಾಜಿಗೆ ಕಿವಿಯಿಟ್ಟು ನಿಲ್ಲುತ್ತಿದ್ದ.

ಪಾಪ ಅನ್ನಿಸಿತೇ? ಅನ್ನಿಸಲಿ. ಆದರೆ ಅವನು ಯಾರು? ನಾಲ್ಕು ಜನ ಕೂತಲ್ಲಿ ಹಗುರ ನಗೆ ಗಿಟ್ಟಿಸಲು ಅಲ್ಲಿಲ್ಲದ ಐದನೆಯವರನ್ನು ನೀವು ಬಿಟ್ಟುಕೊಟ್ಟದ್ದಿಲ್ಲವೇ? ಅತ್ತೆಯ ಎದುರು ನೆಗೆಣ್ಣಿಯನ್ನು, ಸಾಹೇಬರ ಎದುರು ಜೊತೆಗಾರನನ್ನು? ನಿಜ ಗೊತ್ತಿದ್ದೂ, ಕೂತ ಜಾಗ ಬೆಚ್ಚಗಿದೆಯೆಂದು ಸುಮ್ಮನಿದ್ದದ್ದಿಲ್ಲವೇ? ಮತ್ತೆ ಆ ದರ್ಜಿ ಯಾರು? ಪ್ರೀತಿಯಿಂದಲೇ ಬೈದೆ ಎನ್ನುತ್ತೀರಿ. ಆ ಪ್ರೀತಿ ಪರಸಪ್ಪನಿಗೆ ಕೇಳಿಸಿತ್ತೇ? ಬೈಗುಳವನ್ನು ಬೀದಿಗೆ ಹೇಳುತ್ತೀರಿ, ಪ್ರೀತಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೀರಿ. ಕೇಳುವ ಕಿವಿ ಯಾವ ವೇಷದಲ್ಲಿ ಪಕ್ಕದಲ್ಲಿ ಕೂತಿದೆಯೋ ಯಾರು ಬಲ್ಲರು?

ಆದ್ದರಿಂದ ಇಷ್ಟು ಮಾಡಿ. ‘ಅವನನ್ನು ಬಿಡಿಸಿ’, ‘ಅವಳನ್ನು ಕಳಿಸಿ’ ಎಂಬ ಮಾತು ನಾಲಿಗೆಗೆ ಬಂದಾಗ, ನಾಳೆಯೇ ಅದು ನಡೆದುಹೋದರೆ ಅಳುವವರಲ್ಲಿ ನಾವೂ ಇರುತ್ತೇವೆಯೇ ಎಂದು ಕೇಳಿಕೊಳ್ಳಿ. ಅಳುವುದಾದರೆ ಆ ಮಾತನ್ನು ನುಂಗಿ. ಪರರ ಬಗ್ಗೆ ಒಂದು ಒಳ್ಳೆಯ ನಿಜ ಗೊತ್ತಿದ್ದರೆ, ನಾಲ್ಕು ಜನರ ಮುಖ ಸಪ್ಪಗಾದರೂ ಸರಿ, ಅಲ್ಲೇ ಹೇಳಿಬಿಡಿ. ಈಗಾಗಲೇ ಯಾರನ್ನಾದರೂ ಬಿಟ್ಟುಕೊಟ್ಟಿದ್ದರೆ ಅವರ ಹೆಸರು ನಿಮಗೇ ಗೊತ್ತು, ಇಲ್ಲಿ ಯಾರಿಗೂ ಹೇಳಬೇಡಿ. ಇವತ್ತೇ ಅವರ ಮನೆಗೆ ಹೋಗಿ, ನಿಮ್ಮನ್ನು ಹೀಗೆ ಅಂದದ್ದು ನಾನೇ ಎನ್ನಿ. ಬಾಗಿಲು ತೆರೆದರೆ ಒಳಗೆ ಕೂತು ಬನ್ನಿ. ತೆರೆಯದಿದ್ದರೆ ನಾಳೆ ಮತ್ತೆ ಹೋಗಿ.